ಹೆಗಲಿನ ಪಟ್ಟಿ

ನನ್ನ ಗಿಟಾರಿನ ಜೊತೆ ಬಂದಿದ್ದ ಪಟ್ಟಿಯಿಂದ ಅಪ್ಪ ಆಡು ಕಟ್ಟಿಹಾಕಿದ್ದ. ಗಿಟಾರನ್ನು ಹೆಗಲಿಗೆ ತೂಗುಹಾಕಿಕೊಂಡು ನಿಂತು ನುಡಿಸಲಿಕ್ಕೆಂದು ಕೊಡುವ ಪಟ್ಟಿ ಅದು. ಎರಡೂ ತುದಿಗೆ ತೊಗಲಿನ ಬಿಲ್ಲೆ, ಉದ್ದಕ್ಕೂ ಕೆಂಪು ದಾರದ ಕಸೂತಿ. ಅಷ್ಟು ಶೋಕಿಯ ಹಗ್ಗ ನಮ್ಮ ಕೇರಿಯ ಇನ್ಯಾವ ಆಡಿಗೂ ಇರಲಿಲ್ಲ. ನಾನು ಮನೆ ಹಾರಿಹೋಗುವಂತೆ ಕೂಗಾಡಿದೆ. ಅಪ್ಪ ಮಾತ್ರ ತಣ್ಣಗಿದ್ದ.

“ಬಾರಿಸು, ಯಾರು ಬ್ಯಾಡ ಅಂದ್ರು? ಕುಂತು ಬಾರಿಸು. ಹೆಗಲಿಗೆ ಹಾಕ್ಕೊಂಡು ನಿಂತು ಬಾರಿಸೂದು ಮಾತ್ರ ಬ್ಯಾಡ,” ಅಂದ.

ನಾನು ಬಸ್ ಕಂಡಕ್ಟರ್. ಹಾನಗಲ್ಲಿನಿಂದ ಅಕ್ಕಿಆಲೂರಿನ ಮೂಲಕ ಹಿರೇಕೆರೂರಿಗೆ ಹೋಗಿ ಬರುವ ಬಸ್ಸು. ಇಡೀ ದಿನ ನಿಂತೇ ಇರುವವಳಿಗೆ ಕುಳಿತು ನುಡಿಸು ಎಂದರೆ ಖುಷಿಯಾಗಬೇಕಿತ್ತು. ಆದರೆ ನನಗೆ ಯಾರಾದರೂ ಬೇಡ ಎಂದರೆ ಅದೇ ಬೇಕು. ಚಿಲ್ಲರೆಗೆ ಜಗಳ, ಬಾಗಿಲಲ್ಲಿ ಜೋತುಬೀಳುವವರ ಜೊತೆ ಜಗಳ, ಇನ್ನು ಮನೆಯಲ್ಲಿ ಯಾಕೆ ಬಿಡಲಿ? ಆದರೂ ಆ ಪಟ್ಟಿಯ ವಿಷಯಕ್ಕೆ ನಾನು ಹೆಚ್ಚು ಎಳೆದಾಡಲಿಲ್ಲ. ಅಪ್ಪ ಯಾಕೆ ಬೇಡ ಅನ್ನುತ್ತಾನೆ ಎಂದು ಗೊತ್ತಿತ್ತು.

ಅಪ್ಪ, ಅಂದರೆ ಗುಡ್ಡಪ್ಪ, ಹರೆಯದಲ್ಲಿ ಊರಿನ ಹಲಗಿ, ಅಂದರೆ ತೊಗಲಿನ ತಮಟೆ, ಬಾರಿಸುತ್ತಿದ್ದ. ಯಾರಾದರೂ ಸತ್ತರೆ, ದೇವರು ಹೊರಟರೆ, ಡಂಗುರ ಸಾರಬೇಕಾದರೆ, ದೊಡ್ಡವರ ಮನೆಯ ಮದುವೆಯ ಮೆರವಣಿಗೆ ಎದ್ದರೆ ಕರೆ ಬರುತ್ತಿತ್ತು. ಕರೆ ಅಂದರೆ ಯಾರೋ ಒಬ್ಬ ಕೇರಿಯ ಬಾಯಲ್ಲಿ ನಿಂತು ಹಾಕುವ ಒಂದು ಕೂಗು. ಒಲ್ಲೆ ಎನ್ನುವ ಹಾಗಿರಲಿಲ್ಲ. ಹಲಗಿಯನ್ನು ಪಟ್ಟಿಯಿಂದ ಎಡಹೆಗಲಿಗೆ ಹಾಕಿಕೊಂಡು ಎಲ್ಲರ ಮುಂದೆ ನಡೆಯಬೇಕು, ಊಟಕ್ಕೆ ಎಲ್ಲರ ಹಿಂದೆ, ಹೊರಗೆ ಕೂರಬೇಕು. ನಾನು ಹುಟ್ಟುವ ಮೊದಲೇ ಕೇರಿಯವರೆಲ್ಲ ಒಟ್ಟಾಗಿ ಇನ್ನು ಬಾರಿಸುವುದಿಲ್ಲ ಎಂದರು. ಊರಿನವರು ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಗದ್ದೆಯ ಕೆಲಸಕ್ಕೆ ಕರೆಯಲಿಲ್ಲ. ಅಪ್ಪ ಹಾನಗಲ್ಲಿಗೆ ಹೋಗಿ ಮೂಟೆ ಹೊತ್ತ. ಗೋಡೆಯ ಮೇಲೆ ಬುದ್ಧನ ಪಟ ಬಂದಿತು, ತೊಟ್ಟಿಲಿಗೆ ಬಂದ ನನಗೆ ಸಮತಾ ಎಂದು ಹೆಸರಿಟ್ಟರು. ಅವ್ವ ಶಾರವ್ವ ಹೇಳುವಂತೆ, ಆಮೇಲೆ ಅಪ್ಪ ತಟ್ಟೆಯ ಮೇಲೂ ಬೆರಳು ಆಡಿಸಿದವನಲ್ಲ. ನಾನು ಗಿಟಾರು ತಂದ ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದಕ್ಕ ತೊಗಲ ಇಲ್ಲ ಬಿಡು,” ಎಂದು ಒಳಗೆ ಇಡಲು ಬಿಟ್ಟಿದ್ದೇ ದೊಡ್ಡದು.

ಗಿಟಾರು ಹಿಡಿಸಿದವರು ಫರ್ಹತ ಮೇಡಂ. ಸವಣೂರಿನವರು, ಹಾನಗಲ್ಲಿನಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತಾರೆ. ಟೇಲರ್ ಮಾಬೂಬಿಯ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಹೆಂಗಸರಿಗೆಂದೇ ಕ್ಲಾಸು ಶುರುಮಾಡಿದಾಗ ನಾವಿದ್ದದ್ದು ಮೂವರು. ನೋಡಿದ ಜನ ನಕ್ಕರು. ಈಗ ಚಪ್ಪಲಿ ಬಿಡಲು ಮೆಟ್ಟಿಲು ಸಾಲುವುದಿಲ್ಲ. ತಡಸದಿಂದ ಒಬ್ಬ ನರ್ಸು ಬರುತ್ತಾಳೆ, ಶಿಗ್ಗಾವಿಯಿಂದ ಅಕ್ಕತಂಗಿಯರು ಬರುತ್ತಾರೆ. ಸವಣೂರಿನಿಂದ ಸೊಸೆಯ ಕಾವಲಿಗೆ ಬಂದ ರೋಶನಬಿ ಎರಡು ವಾರ ಬಾಗಿಲಲ್ಲಿ ಮುಖ ಗಂಟಿಕ್ಕಿ ಕುಳಿತಿದ್ದಳು, ಮೂರನೆಯ ವಾರ ನೋಡಿದರೆ ಮಡಿಲಲ್ಲಿ ಗಿಟಾರು. ಸೊಸೆಗಿಂತ ಅವಳ ಬೆರಳೇ ಚುರುಕು. ನನ್ನ ಬಸ್ಸಿನಲ್ಲಿ ಈಗ ಕಾಲೇಜು ಹುಡುಗಿಯರ ಬೆನ್ನಿಗೆ ಗಿಟಾರಿನ ಚೀಲ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಮಾತ್ರ ನೋಡುತ್ತೇನೆ, ಹೊಟ್ಟೆ ತಣ್ಣಗಾಗುತ್ತದೆ.

ಎರಡು ವರ್ಷಗಳಲ್ಲಿ ನಾನು ಚೆನ್ನಾಗಿಯೇ ಕಲಿತೆ. ಜಂಬವಲ್ಲ, ಎಡಗೈ ಬೆರಳತುದಿ ಗಟ್ಟಿಯಾಗಿ ಸೂಜಿ ಚುಚ್ಚಿದರೂ ಗೊತ್ತಾಗದಷ್ಟು ಕಲಿತೆ. ಹೀಗಿರುವಾಗ ಅಕ್ಕಿಆಲೂರಿನಲ್ಲಿ ಮಹಿಳಾ ಸಂಘಗಳ ಸಮಾವೇಶಕ್ಕೆ ನಮ್ಮನ್ನು ಕರೆದರು. ಫರ್ಹತ ಮೇಡಂ ತಾವೇ ಒಂದು ಧಾಟಿ ಕಟ್ಟಿದ್ದರು. ಅದು ಮೂರು ಸುತ್ತು ಬರಬೇಕು, ಒಬ್ಬಳು ಮುಂದೆ ನಿಂತು ಧಾಟಿ ನುಡಿಸಬೇಕು, ಉಳಿದವರು ಹಿಂದಿನಿಂದ ತಂತಿ ಮೀಟುತ್ತ ಅವಳನ್ನು ಎತ್ತಿಹಿಡಿಯಬೇಕು. ಮುಂದೆ ನಿಲ್ಲುವವಳು ನಾನು.

“ಎಲ್ಲಾರೂ ನಿಂತ ಬಾರಿಸೋಣ. ಹೆಂಗಸರು ಕುಂತು ಹಾಡೂದು, ಕುಂತು ಹೊಲಿಯೂದು, ಕುಂತು ಅಳೂದು ಸಾಕು,” ಎಂದರು ಮೇಡಂ. ಮಾಬೂಬಿ ಪಟ್ಟಿ ಇಲ್ಲದವರಿಗೆಲ್ಲ ಪಟ್ಟಿ ಹೊಲಿಯಲು ಕೂತಳು.

“ನಾ ಕುಂತ ಬಾರಿಸ್ತೇನ್ರಿ. ಬೆನ್ನು ನೋಯಾಕತ್ತೈತಿ,” ಅಂದೆ. ಕಂಡಕ್ಟರ್ ಬೆನ್ನುನೋವು ಅಂದರೆ ಯಾರು ನಂಬುವುದಿಲ್ಲ? ಮುಂದಿನ ವಾರ ಮೇಡಂ ಮುಲಾಮು ತಂದುಕೊಟ್ಟರು. ಮುಂದೆ ನಿಲ್ಲುವ ಜಾಗಕ್ಕೆ ಶಿಗ್ಗಾವಿಯ ಅಕ್ಕತಂಗಿಯರಲ್ಲಿ ದೊಡ್ಡಾಕೆಯನ್ನು ಹಾಕೋಣವೇ ಎಂದು ಪಾಪ, ಸಂಕೋಚದಿಂದಲೇ ಕೇಳಿದರು. ನಿಜ ಹೇಳಿಬಿಡಬಹುದಿತ್ತು. ಆದರೆ ಆ ಕೋಣೆಯಲ್ಲಿ ಇದುವರೆಗೆ ಯಾರೂ ನನ್ನನ್ನು ನೀನು ಯಾರ ಪೈಕಿ ಎಂದು ಕೇಳಿರಲಿಲ್ಲ. ಪಟ್ಟಿಯ ಕಥೆ ಹೇಳಿದರೆ ಹಲಗಿಯ ಕಥೆ ಹೇಳಬೇಕು, ಹಲಗಿಯ ಕಥೆ ಹೇಳಿದರೆ ಕೇರಿಯ ಕಥೆ ಹೇಳಬೇಕು. ಇಡೀ ತಾಲೂಕಿನಲ್ಲಿ ನಾನು ಬರೀ ಸಮತಾ ಆಗಿದ್ದದ್ದು ಅದೊಂದೇ ಕೋಣೆಯಲ್ಲಿ.

ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯ್ದೆ.

“ಡ್ಯೂಟಿ ಮ್ಯಾಲ ದಿನಾ ಹೆಗಲಿಗೆ ಚೀಲ ಹಾಕ್ಕೊಂಡ ನಿಂದರತೇನಲ್ಲ, ಅದು ನಡೀತೈತಿ. ಇದ್ಯಾಕ ನಡಿಯಂಗಿಲ್ಲ?”

“ಆ ಚೀಲ ಹಾಕ್ಕೊಂಡಾಗ ಮಂದಿಗೆ ನೀ ಹೇಳ್ತೀ, ಹತ್ರಿ, ಇಳೀರಿ ಅಂತ. ಗೌಡನಾದ್ರೂ ಕೇಳಬೇಕ,” ಅಂದ ಅಪ್ಪ. “ಇದನ್ನ ಹಾಕ್ಕೊಂಡ್ರ ಅವರು ಹೇಳ್ತಾರ, ನೀ ಕೇಳಬೇಕ.”

“ಅದು ನಿನ್ನ ಕಾಲ ಅಪ್ಪಾ. ಈಗ ಹಂಗಿಲ್ಲ. ನನ್ನ ಮ್ಯಾಡಮ್ಮಾರು ಕರದಾರ, ನಾ ಚಲೋ ಬಾರಿಸ್ತೇನಿ ಅಂತ ಕರದಾರ. ನಿನಗ ನಂಬಿಕಿ ಇಲ್ಲಂದ್ರ ಬಂದು ನೋಡು.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ದುರುಗುಟ್ಟಿ ನೋಡಿದಳು. ಬೆಳಿಗ್ಗೆ ಏಳುವಷ್ಟರಲ್ಲಿ ಆಡಿನ ಕೊರಳಲ್ಲಿ ಸೆಣಬಿನ ಹಗ್ಗವಿತ್ತು. ನನ್ನ ಪಟ್ಟಿ ಸೋಪಿನಿಂದ ತೊಳೆಸಿಕೊಂಡು ತಂತಿಯ ಮೇಲೆ ಒಣಗುತ್ತಿತ್ತು.

“ಕಾಲ ಬದಲಾಗೈತಿ ಅಂತೀ. ಆತು, ನಾನೂ ಬರ್ತೇನಿ. ನೋಡೇಬಿಡೂಣು,” ಅಂದ ಅಪ್ಪ. ನನಗೆ ಗೆದ್ದಷ್ಟು ಸಂತೋಷವಾಯಿತು. ಅವನ ಮುಂದೆಯೇ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತೆ. ಅವನು ಮುಖ ತಿರುಗಿಸಲಿಲ್ಲ, ಆದರೆ ನೋಡಲೂ ಇಲ್ಲ. ಭಾನುವಾರ ಮೇಡಂಗೆ ಬೆನ್ನುನೋವು ಹೋಯಿತು ಎಂದೆ, ಮುಂದಿನ ಜಾಗ ನನಗೇ ಉಳಿಯಿತು.

ಸಮಾವೇಶ ನಡೆದದ್ದು ಅಕ್ಕಿಆಲೂರಿನ ಅಕ್ಕಿ ಗಿರಣಿಯೊಂದರ ದೊಡ್ಡ ಅಂಗಳದಲ್ಲಿ. ಪೆಂಡಾಲಿನೊಳಗೆ ತೌಡಿನ ವಾಸನೆ, ಕಂಬದಿಂದ ಕಂಬಕ್ಕೆ ಬಣ್ಣದ ಕಾಗದ. ನಾನು ಮೊದಲು ನೋಡಿದ್ದು ಅಪ್ಪ ಎಲ್ಲಿ ಕುಳಿತಿದ್ದಾನೆ ಎಂದು. ಒಳಗೇ ಇದ್ದ. ಕುರ್ಚಿಯ ಮೇಲೇ, ಬಿಳಿ ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು, ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದ. ಅವನ ಪಕ್ಕದಲ್ಲಿ ಕುಳಿತವರು ಅವನಿಗೂ ಚಹದ ಕಪ್ಪು ದಾಟಿಸಿದರು. ನೋಡಿದಿಯಾ ಅಪ್ಪಾ ಎಂದು ಅಲ್ಲಿಂದಲೇ ಕೂಗಬೇಕೆನಿಸಿತು.

ನಮ್ಮ ಸರದಿ ಬಂದಿತು. ಹನ್ನೊಂದು ಹೆಂಗಸರು, ಹನ್ನೊಂದು ಗಿಟಾರು. ಬುರ್ಖಾದ ಮೇಲೆ ಪಟ್ಟಿ ಹಾಕಿಕೊಂಡ ರೋಶನಬಿಯನ್ನು ಕಂಡು ಹಿಂದಿನ ಸಾಲಿನ ಮುದುಕಿಯರು ಸಿಳ್ಳೆ ಹೊಡೆಯುವುದೊಂದು ಬಾಕಿ. ನಾನು ಮುಂದೆ ಬಂದೆ. ಮೊದಲ ಸುತ್ತಿನಲ್ಲಿ ಧಾಟಿ ತಾನಾಗಿ ಎದ್ದಿತು, ಹಿಂದಿನಿಂದ ಹತ್ತು ಗಿಟಾರು ಅದನ್ನು ಹೊತ್ತು ನಡೆದವು. ಜೀವನದಲ್ಲಿ ಅಷ್ಟು ಎತ್ತರ ನಾನೆಂದೂ ನಿಂತಿರಲಿಲ್ಲ. ಎರಡನೆಯ ಸುತ್ತಿಗೆ ಕಣ್ಣೆತ್ತಿದಾಗ ಅಪ್ಪ ಕಂಡ. ಅವನ ಎರಡೂ ಕೈ ತೊಡೆಯ ಮೇಲೆ ಆಡುತ್ತಿದ್ದವು. ಬಲಗೈ ಗಟ್ಟಿಯಾಗಿ, ಎಡಗೈ ಬೆರಳು ಮಾತ್ರ, ಹಲಗಿ ಬಾರಿಸುವ ಹಾಗೆ. ಅವನಿಗೇ ಅದು ಗೊತ್ತಿರಲಿಲ್ಲ. ಅವನ ಕಣ್ಣು ನನ್ನ ಮೇಲಿತ್ತು, ಮುಖ ಸಣ್ಣ ಹುಡುಗನ ಮುಖದ ಹಾಗೆ ಬಿಚ್ಚಿಕೊಂಡಿತ್ತು. ನಾನು ಹುಟ್ಟಿದಾಗಿನಿಂದ ಆ ಮುಖ ನೋಡಿರಲಿಲ್ಲ.

ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಆಗ ವೇದಿಕೆ ಹತ್ತಿ ಮೈಕು ಹಿಡಿದವನು ಯಲ್ಲಪ್ಪ. ನಮ್ಮೂರಿನ ದೊಡ್ಡ ಮನೆಯವನು, ಹಿಂದೆ ಪಂಚಾಯಿತಿ ಅಧ್ಯಕ್ಷನಾಗಿದ್ದವನು, ಆ ಗಿರಣಿಯ ಮಾಲಕ. ಕೆಟ್ಟವನೇನಲ್ಲ, ನನ್ನ ಬಸ್ಸು ಹತ್ತಿದರೆ ನಗುನಗುತ್ತ ಚಿಲ್ಲರೆ ಸರಿಯಾಗಿ ಕೊಡುವವನು.

“ಈ ಹುಡುಗಿ ಯಾರು ಗೊತ್ತೇನ್ರಿ? ನಮ್ಮೂರ ಹಲಗಿ ಗುಡ್ಡಪ್ಪನ ಮಗಳು!” ಅಂದ. ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. “ಬಾರಿಸೂದು ಇವರ ರಕ್ತದಾಗ ಬಂದೈತಿ. ಯಾರೂ ಕಲಿಸಬೇಕಾಗಿಲ್ಲ. ಅಲ್ನೋಡ್ರಿ, ಗುಡ್ಡಪ್ಪನ ಕೈ, ಸುಮ್ಮನ ಕುಂದರಾಕ ಒಲ್ಲವು!”

ಇಡೀ ಪೆಂಡಾಲು ತಿರುಗಿ ನೋಡಿ ನಕ್ಕಿತು. ಪ್ರೀತಿಯಿಂದಲೇ ನಕ್ಕಿತು. ಅಪ್ಪ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಎರಡನ್ನೂ ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕುಳಿತ.

“ತಂಗಿ, ಬರೂ ತಿಂಗಳ ನಮ್ಮನ್ಯಾಗ ಮದುವಿ ಐತಿ,” ಎಂದು ಯಲ್ಲಪ್ಪ ನನ್ನ ಕಡೆ ತಿರುಗಿದ. “ಮೆರವಣಿಗಿ ಮುಂದ ನೀನ ಬಾರಿಸಬೇಕು. ನಿಮ್ಮಪ್ಪ ಒಲ್ಲೆ ಅಂತ ಕುಂತ, ನೀನರ ಬಾ.”

ನನ್ನ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಾಗಿದ್ದರೆ ಸೀಟಿ ಊದಿ ಇಳಿಸಿಬಿಡುತ್ತಿದ್ದೆ. ಮೈಕು ನನ್ನ ಬಾಯಿಗೇ ಹಿಡಿದಿದ್ದ.

“ಬರಂಗಿಲ್ರಿ,” ಅಂದೆ. “ನಮ್ಮಪ್ಪ ಒಲ್ಲೆ ಅಂದಾನಲ್ರಿ? ನಂದೂ ಅದ ಮಾತು.”

ಮುಂದಿನ ಸಾಲಿನ ಒಬ್ಬಾಕೆ ಚಪ್ಪಾಳೆ ಹೊಡೆದಳು, ಎಲ್ಲರೂ ಹೊಡೆದರು. “ನೋಡ್ರಿ, ಗಿಟಾರ್ ಕಲ್ತರೂ ಅಪ್ಪನ ಮಾತು ಮೀರೂದಿಲ್ಲ. ಹೆಣ್ಣಮಕ್ಕಳಂದ್ರ ಹಿಂಗಿರಬೇಕ!” ಎಂದು ಯಲ್ಲಪ್ಪ ನನ್ನ ತಲೆ ಸವರಿದ. ನಾನು ಒಲ್ಲೆ ಎಂದದ್ದು ಅವರಿಗೆ ವಿನಯದ ಹಾಗೆ ಕೇಳಿಸಿತ್ತು. ಇನ್ನೇನು ಹೇಳಬೇಕೆಂದು ಹುಡುಕುವಷ್ಟರಲ್ಲಿ ಮೈಕು ಮುಂದಿನ ಭಾಷಣಕ್ಕೆ ಹೋಗಿತ್ತು.

ಕೆಳಗಿಳಿದು ಬಂದಾಗ ಫರ್ಹತ ಮೇಡಂ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಅವರ ಕಣ್ಣು ಹೊಳೆಯುತ್ತಿದ್ದವು. ನನ್ನನ್ನು ಕಂಡು, “ಅಪ್ಪಾರು ಕಲಾವಿದರು ಅಂತ ನೀ ಒಂದಿನಾನೂ ಹೇಳಲಿಲ್ಲಲ್ಲ!” ಎಂದು ಬೈದು, ಅಪ್ಪನ ಕಡೆ ತಿರುಗಿದರು. “ಮುಂದಿನ ಸಲ ನೀವೂ ನಮ್ಮ ಜೋಡಿ ಬರ್ರಿ. ಒಂದು ಕಡೆ ಗಿಟಾರ್, ಒಂದು ಕಡೆ ಹಲಗಿ. ಎಷ್ಟು ಛಂದ ಇರತೈತಿ! ಅದೂ ದೊಡ್ಡ ಕಲಾ ಅಲ್ಲೇನ್ರಿ?”

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದೇ ಕಷ್ಟವಾಯಿತು. ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತು.

ಅಪ್ಪ ನಿಧಾನವಾಗಿ, ತಗ್ಗಿದ ದನಿಯಲ್ಲಿ ಮಾತಾಡಿದ. “ನನಗ ಬಾರಿಸಾಕ ಬರತೈತಿ ಅಂತ ಅವರು ಕರೀತಿದ್ದಿಲ್ರಿ ಮ್ಯಾಡಮ್ಮಾರ. ನಮ್ಮಣ್ಣಗ ತಾಳ ಅಂದ್ರ ಏನಂತ ಗೊತ್ತಿರಲಿಲ್ಲ, ಒಂದು ಪೆಟ್ಟು ನೆಟ್ಟಗ ಬೀಳತಿದ್ದಿಲ್ಲ. ಅವಂಗೂ ಕರೀತಿದ್ರು.”

ಮೇಡಂ ಎದ್ದು ನನ್ನ ಹೆಗಲಿನಿಂದ ಗಿಟಾರು ಇಳಿಸಿಕೊಂಡು ತಾವೇ ಚೀಲಕ್ಕೆ ಹಾಕಿದರು.

ಊರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಪ್ಪ ಕಿಟಕಿಯ ಕಡೆ ಕುಳಿತ, ಕೈ ಇನ್ನೂ ತೊಡೆಯ ಕೆಳಗೇ ಇದ್ದವು. ಗದ್ದೆಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ನಾನು ಸೋತೆ, ನೀನು ಹೇಳಿದ್ದೇ ನಿಜ ಎಂದು ಒಪ್ಪಿಕೊಳ್ಳಬೇಕಿತ್ತು. ಬಾಯಿಂದ ಬೇರೆಯೇ ಬಂದಿತು. ಅಷ್ಟು ಜನ ಚಪ್ಪಾಳೆ ತಟ್ಟಿದ್ದರು, ನಾನು ಯಾರ ಮಗಳೆಂದು ಎಲ್ಲರೂ ಮಾತಾಡಿದ್ದರು, ನಾನು ನುಡಿಸಿದ್ದರ ಬಗ್ಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ.

“ಅಪ್ಪಾ, ನಾ ಹೆಂಗ ಬಾರಿಸಿದೆ?”

ಅಪ್ಪ ಹೊರಗೆ ನೋಡುತ್ತಲೇ ಇದ್ದ.

“ಮೊದಲನೇ ಸುತ್ತು ಭಾಳ ಚಲೋ ಬಂತು,” ಅಂದ. “ಎರಡನೇದರಾಗ ಅವಸರ ಮಾಡಿದಿ. ಯಾಕ ಅವಸರ ಮಾಡಿದಿ?”

ಹೌದು, ಅವಸರ ಮಾಡಿದ್ದೆ. ತೊಡೆಯ ಮೇಲೆ ಆಡುತ್ತಿದ್ದ ಅವನ ಕೈ ಕಂಡದ್ದು ಆಗಲೇ, ಖುಷಿಗೆ ನನ್ನ ಬೆರಳು ಓಡಿಬಿಟ್ಟಿದ್ದವು. ಅದನ್ನು ಅವನಿಗೆ ಹೇಳಬೇಕೆನಿಸಿತು. ಹೇಳಿದರೆ ಅವನು ಆ ಕೈಗಳನ್ನು ಇನ್ನೆಂದೂ ಹೊರಗೆ ತೆಗೆಯಲಿಕ್ಕಿಲ್ಲ ಎಂದು ಹೆದರಿಕೆಯಾಯಿತು. “ಗೊತ್ತಿಲ್ಲಪ್ಪಾ,” ಅಂದೆ.