ಲಂಡನ್ನಿಗೆ ಹೋದ ಸೇತುರಾಮ ಮೇಷ್ಟ್ರು

ಸುಂಕದಕಟ್ಟೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದ ಸುವರ್ಣಾ ಬಾಗಲಕೋಟೆ ಕಡೆಯವಳು. ಸೂಪರ್‌ವೈಸರ್ ಆಗಬೇಕಾದರೆ ಇಂಗ್ಲಿಷ್ ಬೇಕೆಂದು ಫ್ಯಾಕ್ಟರಿಯಲ್ಲಿ ಹೇಳಿದ್ದರಿಂದ, 2005ರ ಬೇಸಿಗೆಯಲ್ಲಿ ಆರ್‌ಪಿಸಿ ಲೇಔಟಿನ ಬೇಕರಿಯ ಮೇಲಿದ್ದ ಸೇತುರಾಮ ಮೇಷ್ಟ್ರ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಅಲ್ಲಿಗೇ ಸೇರಲು ಕಾರಣ ಅವರ ಪಾಂಪ್ಲೆಟ್. ‘ಅವರ್ ಸರ್ ಹ್ಯಾಸ್ ಗಾನ್ ಟು ಲಂಡನ್’ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಅಂದು ಪ್ರೆಸೆಂಟ್ ಪರ್ಫೆಕ್ಟ್ ಪಾಠ.

“ಈಟ್, ಏಟ್, ಈಟನ್. ಹ್ಯಾವ್, ಹ್ಯಾಸ್ ಬಂದ್ರೆ ಮೂರನೇದನ್ನೇ ಹಿಡ್ಕೋಬೇಕು,” ಎಂದರು ಮೇಷ್ಟ್ರು. “ಐ ಹ್ಯಾವ್ ಈಟನ್. ಊಟ ಆಗಿದೆ, ಅಷ್ಟೇ. ಯಾವಾಗ ಅಂತ ಹೇಳೋ ಹಾಗಿದ್ರೆ ಹ್ಯಾವ್ ಬಿಟ್ಟು, ಐ ಏಟ್ ಅಟ್ ಟೂ ಅನ್ನಿ. ಇನ್ನೊಂದು. ಮೈ ವೈಫ್ ಹ್ಯಾಸ್ ಗಾನ್ ಟು ಮಾರ್ಕೆಟ್ ಅಂದ್ರೆ ಇನ್ನೂ ಅಲ್ಲೇ ಇದ್ದಾಳೆ ಅಂತ. ಹೋಗಿ ಬಂದಿದ್ರೆ, ಹ್ಯಾಸ್ ಬೀನ್.”

ಸುವರ್ಣಾಳಿಗೆ ನಗು ತಡೆಯಲಾಗಲಿಲ್ಲ. ನೋಟ್‌ಬುಕ್ಕಿನೊಳಗಿದ್ದ ಪಾಂಪ್ಲೆಟ್ ತೆಗೆದು ಎದ್ದು ನಿಂತಳು.

“ಸರ, ಒಂದ್ ಡೌಟ್ ಐತ್ರಿ.”

“ಕೇಳಮ್ಮಾ.”

“ಇದರಾಗ ನೀವು ಹ್ಯಾಸ್ ಗಾನ್ ಟು ಲಂಡನ್ ಅಂತ ಐತ್ರಿ. ಅಂದ್ರ ನೀವಿನ್ನೂ ಲಂಡನ್ನಾಗ ಅದೀರಿ. ಮತ್ತ ಇಲ್ಲಿ ನಿಂತಾವ್ರು ಯಾರ್ರಿ?”

ಕ್ಲಾಸು ಗೊಳ್ಳೆಂದಿತು. ಹಿಂದಿನ ಬೆಂಚಿನಲ್ಲಿದ್ದ ಕೊರಿಯರ್ ಹುಡುಗ ಮುತ್ತುರಾಜ ಶಿಳ್ಳೆಯನ್ನೇ ಹೊಡೆದ.

“ಅದು ಪ್ರೆಸ್ಸಿನವನ ತಪ್ಪು. ಹ್ಯಾಸ್ ಬೀನ್ ಅಂತ ಓದ್ಕೋ,” ಎಂದರು ಮೇಷ್ಟ್ರು.

ಸುವರ್ಣಾ ಅಷ್ಟಕ್ಕೆ ಕೂತುಬಿಡಬಹುದಿತ್ತು. ನಾಲಗೆ ಕೇಳಬೇಕಲ್ಲ!

“ಹಂಗಾರ, ವೆನ್ ಡಿಡ್ ಯು ಗೋ, ಸರ?”

ಒಂದಕ್ಷರ ತಪ್ಪಿಲ್ಲದ ಪ್ರಶ್ನೆ. ಶಭಾಷ್ ಎನ್ನಲು ಬಾಯಿ ತೆರೆದ ಮೇಷ್ಟ್ರು ಹಾಗೇ ಮುಚ್ಚಿದರು. ಆಮೇಲೆ ತಿರುಗಿ ಬೋರ್ಡ್ ಒರೆಸತೊಡಗಿದರು. ಒರೆಸಲು ಏನೂ ಉಳಿಯದಿದ್ದರೂ ಒರೆಸುತ್ತಲೇ ಇದ್ದರು. ಸುವರ್ಣಾಳ ನಗು ಅಲ್ಲೇ ಇಳಿದುಹೋಯಿತು. ಯಾಕಾದರೂ ಕೇಳಿದೆನೋ ಅನ್ನಿಸಿತು.

ಕೊನೆಗೆ ಮೇಷ್ಟ್ರು ಬೋರ್ಡಿನ ಮೇಲೆ ದುಂಡಗೆ ಬರೆದು, ಗಟ್ಟಿಯಾಗಿ ಓದಿದರು: “ಐ ಹ್ಯಾವ್ ನಾಟ್ ಬೀನ್ ಟು ಲಂಡನ್ ಯೆಟ್. ಎಲ್ಲಾ ಬರ್ಕೊಳ್ಳಿ. ಯೆಟ್ ಅಂದ್ರೆ, ಇನ್ನೂ ಇಲ್ಲ, ಆದ್ರೆ ಆಸೆ ಬಿಟ್ಟಿಲ್ಲ ಅಂತ.”

ಯಾರೂ ನಗಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು.

ಕ್ಲಾಸು ಮುಗಿದ ಮೇಲೆ ಮೇಷ್ಟ್ರು ಅವಳೊಬ್ಬಳನ್ನು ನಿಲ್ಲಿಸಿಕೊಂಡರು. ಇನ್ನು ಗೇಟ್‌ಪಾಸ್ ಗ್ಯಾರಂಟಿ ಎಂದುಕೊಂಡಳು ಸುವರ್ಣಾ. ಆದರೆ ಅವರು ಕೆಳಗಿನ ಬೇಕರಿಯಿಂದ ದಿಲ್‌ಪಸಂದ್ ತರಿಸಿ, ಒಂದು ಬಿಳಿ ಹಾಳೆಯನ್ನು ಅವಳ ಮುಂದಿಟ್ಟರು.

“ಹೊಸ ಪಾಂಪ್ಲೆಟ್ ಹಾಕಿಸ್ಬೇಕು. ನಾನು ಹೇಳ್ತೀನಿ, ನೀನು ಬರ್ಕೋ. ತಪ್ಪಿದ್ರೆ ಹಿಡಿ. ಅವರ್ ಸರ್ ಹ್ಯಾಸ್ ಟಾಟ್ ಇಂಗ್ಲಿಷ್ ಫಾರ್ ಟ್ವೆಂಟಿ ಇಯರ್ಸ್.”

ಸುವರ್ಣಾ ಪೆನ್ನೆತ್ತಿ ಅವರ ಮುಖ ನೋಡಿದಳು. “ಇಪ್ಪತ್ತೇನ್ರಿ, ಸರ?”

ಮೇಷ್ಟ್ರು ದಿಲ್‌ಪಸಂದ್ ಮುರಿದು ದೊಡ್ಡ ತುಂಡನ್ನು ಅವಳ ಕಡೆ ಸರಿಸಿದರು.

“ಹನ್ನೊಂದು ಹಾಕಮ್ಮಾ.”