ಅಂಗಿಗೆ ಕೊಟ್ಟ ಮಣ್ಣು

"ನಿಲ್ಸಲೇ ದುರುಗೇಶ, ಇನ್ನ ಒಂದೇಟೂ ಹಾಕಬ್ಯಾಡ," ಎಂದರು ಹಿರಿಯ ಪಂಪಣ್ಣ.

ಮೊಣಕಾಲುದ್ದದ ಗುಂಡಿಯಲ್ಲಿ ನಿಂತಿದ್ದ ದುರುಗೇಶ ಗುದ್ದಲಿ ಕೆಳಗಿಳಿಸಿದ. ಪಕ್ಕದ ಚಟ್ಟದ ಮೇಲೆ ಅಂಜಿನಯ್ಯನ ಹೆಣವಿತ್ತು. ಹೊತ್ತು ತಂದವರು ನಾಲ್ಕೇ ಜನ. ಹಿಂದೆ ಬಂದವಳು ಹೆಂಡತಿ ಉಚ್ಚೆಂಗಮ್ಮ ಒಬ್ಬಳೇ.

"ಇವ್ನಿಗೆ ಮಣ್ಣು ಕೊಟ್ಟು ಹನ್ನೆರಡು ವರ್ಷ ಆತು." ಪಂಪಣ್ಣ ಎದುರಿನ ದಿಬ್ಬ ತೋರಿಸಿದರು. "ಒಂದು ಜೀವಕ್ಕ ಎರಡು ಸಲ ಮಣ್ಣು ಕೊಟ್ರ ಊರಿಗೆ ಒಳ್ಳೇದಲ್ಲ. ಹಳ್ಳದ ಆಚಿಗೆ ಒಯ್ರಿ."

"ಆವತ್ತು ಹೂಳಿದ್ದು ಅಂಗಿ ಮಾವಾ," ಎಂದಳು ಉಚ್ಚೆಂಗಮ್ಮ. "ಇವತ್ತು ಮನಶ್ಯಾ ಅದಾನ. ನಮ್ಮೋರ ನಡುವ ಆರಡಿ ಮೂರಡಿ ಜಾಗ ಕೊಡ್ರಿ, ಇನ್ನೇನೂ ಕೇಳಂಗಿಲ್ಲ."

*

ಅದೇ ಊರಿನ ಭರಮಮ್ಮನ ಗಂಡ, ಮೈದುನ ಕಣದಲ್ಲಿ ಮಲಗಿದ್ದಾಗ ಇಬ್ಬರನ್ನೂ ಅಂಜಿನಯ್ಯ ಕೊಡಲಿಯಿಂದ ಕಡಿದಿದ್ದ. ಬದುವಿನ ಜಗಳ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೋರ್ಟು ಗಲ್ಲು ಬರೆಯಿತು. ಬೆಳಗಾವಿ ಜೈಲಿನ ಒಂಟಿ ಕೋಣೆಯಲ್ಲಿ ಹತ್ತು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಟೀವಿಯಲ್ಲಿ ಅವನ ಫೋಟೊ ಬಂತು. ಕ್ಷಮಾದಾನದ ಅರ್ಜಿ ತಿರಸ್ಕಾರವಾಗಿತ್ತು, ಅಷ್ಟೆ. ಓದು ಬಾರದ ಅವ್ವ ಮಗನನ್ನು ಗಲ್ಲಿಗೆ ಹಾಕಿಯೇಬಿಟ್ಟರು ಎಂದುಕೊಂಡಳು. ಜೈಲಿನವರು ಹೆಣ ಕೊಡುವುದಿಲ್ಲವೆಂದು ಯಾರೋ ಹೇಳಿದರು. ಅವಳು ಅವನ ಅಂಗಿ, ರುಮಾಲು ಹೂಳಿಸಿ, ಹನ್ನೊಂದನೆಯ ದಿನ ಊರಿಗೆಲ್ಲ ಊಟ ಹಾಕಿಸಿದಳು.

ತಿಂಗಳ ಮೇಲೆ ಅವನದೇ ಕಾಗದ ಬಂತು: ಬದುಕಿದ್ದೇನೆ, ಗಲ್ಲು ಸದ್ಯಕ್ಕೆ ನಿಂತಿದೆ. ಆದರೆ ಉಂಡ ಊಟವನ್ನು ಊರು ವಾಪಸು ಕೊಟ್ಟೀತೇ?

ಶಿಕ್ಷೆ ಜೀವಾವಧಿಗೆ ಇಳಿದು, ಬಿಡುಗಡೆಯಾಗಿ ಏಳು ವರ್ಷದ ಹಿಂದೆ ಅವನು ಚೋರನೂರಿಗೆ ಬಂದಾಗ ಅವ್ವ ತೀರಿಕೊಂಡಿದ್ದಳು. ಊರಿನ ಪಾಲಿಗೆ ಅವನು ದಿನ ಮುಗಿದವನು. ಮದುವೆಗೆ ಕರೆಯಲಿಲ್ಲ, ಜಗಳಕ್ಕೂ ಕರೆಯಲಿಲ್ಲ. ಹೋಟೆಲಿನವನು ಚಹಾ ಇಟ್ಟು ಬೇರೆ ಕಡೆ ನೋಡುತ್ತಿದ್ದ. ಸರ್ಕಾರ ಅರ್ಧಕ್ಕೆ ಬಿಟ್ಟ ಕೆಲಸವನ್ನು ಊರು ಸದ್ದಿಲ್ಲದೆ ಮಾಡಿ ಮುಗಿಸಿತ್ತು.

ಗಲ್ಲಿಗೆ ಕರೆಯುವುದು ನಸುಕಿನಲ್ಲೇ. ಮನೆಗೆ ಬಂದ ಮೇಲೂ ಅವನು ಆ ಹೊತ್ತಿಗೆ ಎದ್ದು, ಹಾಸಿಗೆ ಮಡಿಸಿ, ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಕೂರುತ್ತಿದ್ದ.

"ಮಲಕ್ಕೊಳ್ರಿ. ಇದು ಮನಿ, ಇಲ್ಲಿ ಯಾರೂ ಬರಂಗಿಲ್ಲ," ಎನ್ನುತ್ತಿದ್ದಳು ಉಚ್ಚೆಂಗಮ್ಮ.

"ಹೌದು ನೋಡು," ಎಂದ ಒಮ್ಮೆ. "ಇಲ್ಲಿ ಯಾರೂ ಬರಂಗಿಲ್ಲ."

*

ಸ್ಮಶಾನದ ಬೇಲಿಯ ಆಚೆ ನಿಂತಿದ್ದ ಭರಮಮ್ಮ ಒಳಗೆ ಬಂದಳು.

"ಪಂಪಣ್ಣ ಕಾಕಾ, ಸತ್ತೋರ್ನ ಯಾರರ ಬೈತಾರೇನು?"

"ಇಲ್ಲವ್ವಾ. ಬೈಬಾರ್ದು."

"ನಾ ಏಳು ವರ್ಷ ನಳದ ಕಟ್ಟಿ ಮ್ಯಾಲ ದಿನಾ ಬೈದೀನಿ ಇವ್ನ. ಕೊಡ ಇಟ್ಟು, ತಲಿ ತಗ್ಗಿಸಿ ಕೇಳ್ತಿದ್ದ. ನಿನ್ನಿ ಮುಂಜಾನಿನೂ ಕೇಳ್ಯಾನ. ಇವನ್ನ ನೇಣಿಗೆ ಹಾಕ್ಲಿ ಅಂತ ಹರಕಿ ಹೊತ್ತಾಕಿ ನಾನು. ನಾನ ಹೇಳ್ತೀನಿ, ಇವ ಸತ್ತಿದ್ದು ನಿನ್ನಿ ಸಂಜಿಗೆ. ತೋಡಲೇ ದುರುಗೇಶ."

ಪಂಪಣ್ಣ ಪಕ್ಕಕ್ಕೆ ಸರಿದರು.

ಹೆಣ ಇಳಿಸಿದರು. ಉಚ್ಚೆಂಗಮ್ಮ ಮೊದಲ ಹಿಡಿ ಹಾಕಿದಳು. ಭರಮಮ್ಮ ಮಣ್ಣು ಮುಟ್ಟಲಿಲ್ಲ. ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದಳು.

"ಎಲೋ ಪಾಪಿ, ನನ್ನ ಗಂಡನ್ನ ತಿಂದೆಲ್ಲೋ... ಮೀಸಿ ಮೂಡದ ಮೈದುನನ್ನ ತಿಂದೆಲ್ಲೋ... ನೀನೂ ಹೋದಿ, ನಾಳಿಂದ ನಾ ಯಾರ್ನ ಬೈಲೋ..."

ದನಿ ಏರಿತು. ಬೈಗುಳಕ್ಕೆ ನಿಧಾನವಾಗಿ ರಾಗ ಹತ್ತಿಕೊಂಡಿತು. ನಿನ್ನೆಯಿಂದ ಅಂಜಿನಯ್ಯನ ಹೆಣದ ಮುಂದೆ ಯಾರೂ ಬಾಯಿಬಿಟ್ಟು ಅತ್ತಿರಲಿಲ್ಲ. ದುರುಗೇಶ ಮಣ್ಣು ತುಂಬಿದ ಸಲಿಕೆ ಹಿಡಿದು ಹಾಗೆಯೇ ನಿಂತ. ಉಚ್ಚೆಂಗಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಹೋಗಿ, ಹಾಡಿ ಅಳುವವರ ಪಕ್ಕ ಸಾವಿನ ಮನೆಯ ಹೆಣ್ಣು ಕೂರುವ ಹಾಗೆ, ಭರಮಮ್ಮನ ಕಾಲ ಬಳಿ ಕುಳಿತಳು.