ಬೆಳ್ಳಿ ಎಮ್ಮೆ ಮಗ್ಗಿ ಕಲಿತದ್ದು

ಸಂಘದ ಅಕ್ಕ-ತಂಗಿಯರೇ, ಕೆಚ್ಚಲು ತುಂಬಿಕೊಂಡೂ ಎಮ್ಮೆ ಹಾಲು ಕೊಡದೆ ನಿಂತರೆ ಮನೆಯವರ ಪಾಡೇನು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರೆಯುವವರ ಕೈ ಸೋಲುತ್ತದೆ, ಡೈರಿಯ ಹೊತ್ತು ಮೀರುತ್ತದೆ, ಗಂಡ ಅನ್ನುವವನು ಎಮ್ಮೆಗೂ ಹೆಂಡತಿಗೂ ಒಂದೇ ಉಸಿರಲ್ಲಿ ಬೈಯುತ್ತಾನೆ. ಹೊಸಬಾಳೆಯ ಶಕುಂತಲಮ್ಮನ ಮನೆಯಲ್ಲಿ ಆದದ್ದೂ ಅದೇ.

ಎಮ್ಮೆಯ ಹೆಸರು ಬೆಳ್ಳಿ. ಮಸಿಯಂಥ ಎಮ್ಮೆಗೆ ಆ ಹೆಸರು ಇಟ್ಟವರು ಶಕುಂತಲಮ್ಮನ ಅತ್ತೆ ತಿಮ್ಮಮ್ಮ. ಯಾರಾದರೂ ನಕ್ಕರೆ, "ನಿನಗೆ ಸುಂದರಪ್ಪ ಅಂತ ಹೆಸರಿಟ್ಟಾಗ ನಾನು ನಕ್ಕಿದ್ನೇನೋ?" ಅಂತ ಕೇಳಿ ಬಾಯಿ ಮುಚ್ಚಿಸುವ ಹೆಂಗಸು. ಬೆಳ್ಳಿಯ ಕರು ಹುಟ್ಟಿದ ಸ್ವಲ್ಪ ದಿನಕ್ಕೇ ಸತ್ತಿತ್ತು. ಕರು ಇಲ್ಲದ ಎಮ್ಮೆಯಿಂದ ಹಾಲು ಬಿಡಿಸೋದು ಸುಲಭವೇ? ಆದರೂ ತಿಮ್ಮಮ್ಮ ಪಕ್ಕದಲ್ಲಿ ಕೂತರೆ ಸಾಕು, ಬೆಳ್ಳಿ ಕಣ್ಣು ಅರೆ ಮುಚ್ಚಿ ಸೊರೆ ಬಿಡುತ್ತಿತ್ತು. ಹಾಲು ತಾನಾಗಿ ಮೊಲೆಗೆ ಇಳಿಯುತ್ತಿತ್ತು. ಆ ಕೊಟ್ಟಿಗೆಯ ಕೆಲಸವನ್ನು ತಿಮ್ಮಮ್ಮ ಕೊನೆಯವರೆಗೂ ಸೊಸೆಗೆ ಬಿಟ್ಟುಕೊಡಲಿಲ್ಲ.

ಹೋದ ವರ್ಷ ಮಳೆ ಹಿಂದಾಗುವ ಹೊತ್ತಿಗೆ ತಿಮ್ಮಮ್ಮ ತೀರಿಕೊಂಡರು. ಮನೆಯವರು ಅತ್ತರು, ನೆಂಟರು ಬಂದು ಹೋದರು. ಬೆಳ್ಳಿ ಮಾತ್ರ ಹಾಲು ನಿಲ್ಲಿಸಿತು.

ಶಕುಂತಲಮ್ಮ ಏನೆಲ್ಲ ಮಾಡಿದಳು ಅಂತೀರಿ! ಅತ್ತೆಯ ದನಿ ತೆಗೆದು "ಬಾರೇ ನನ್ನವ್ವಾ" ಅಂದಳು. ಬೆಳ್ಳಿ ತಿರುಗಿ ನೋಡಿ, ಇವಳಲ್ಲ ಅಂತ ಗೊತ್ತಾಗಿ ಹಾಲನ್ನು ಮೇಲಕ್ಕೆಳೆದುಕೊಂಡಿತು. ಪಕ್ಕದ ಮನೆಯವರು ಹೇಳಿದರು ಅಂತ ಅತ್ತೆಯ ಹಳೇ ಸೀರೆ ಉಟ್ಟು ಕೂತಳು. ಅದೊಂದು ಎರಡು ದಿನ ನಡೆಯಿತು. ಆಮೇಲೆ ಸೀರೆಗೆ ಸಗಣಿ ಮೆತ್ತಿತು ಅಂತ ಸೋಪಿನ ಪುಡಿ ಹಾಕಿ ಒಗೆದಳು ನೋಡಿ, ಅಲ್ಲಿಗೆ ಅತ್ತೆಯ ವಾಸನೆಯೂ ಹೋಯಿತು, ಹಾಲೂ ಹೋಯಿತು. ಆವತ್ತು ಬೆಳ್ಳಿ ಬಿಟ್ಟ ಒದೆಗೆ ತಂಬಿಗೆ ಹಿತ್ತಿಲ ಬಾಗಿಲವರೆಗೆ ಉರುಳಿಕೊಂಡು ಹೋಯಿತು.

ಒದೆ ಬಿದ್ದ ಕೂಡಲೇ ಶಕುಂತಲಮ್ಮನ ಗಂಡ ಮಹೇಶ್ವರಪ್ಪ ಓಡಿ ಬರುತ್ತಿದ್ದ. "ಹೋ ಹೋ, ಸುಮ್ನಿರು ತಾಯಿ" ಅಂತ ಒಂದು ಬೊಗಸೆ ಹಿಂಡಿ ತಂದು ಬಾಯಿಗಿಡುತ್ತಿದ್ದ. ಎಮ್ಮೆ ಹಿಂಡಿ ತಿಂದು ಸುಮ್ಮನಾಗುತ್ತಿತ್ತು. ಮಾರನೆಯ ದಿನ ಇನ್ನೂ ಬೇಗ ಒದೆಯುತ್ತಿತ್ತು.

ಕೊನೆಗೆ ಮಹೇಶ್ವರಪ್ಪ ಲೋಕಪ್ಪನನ್ನು ಕರೆಸಿದ. ಲೋಕಪ್ಪ ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಬೈಕಿನ ಡಿಕ್ಕಿಯಲ್ಲಿ ಸಿರಿಂಜು ಇಟ್ಟುಕೊಂಡು ಮನೆ ಮನೆ ತಿರುಗುವ ಆಸಾಮಿ. ಒಂದು ಸೂಜಿ ಚುಚ್ಚಿದ, ಹಾಲು ಇಳಿಯಿತು.

"ನೋಡಿದ್ಯಾ? ನಿನ್ನ ಸೀರೆ, ರಾಗ ಎಲ್ಲ ದಂಡ" ಅಂದ ಮಹೇಶ್ವರಪ್ಪ.

ಆದರೆ ಬರಬರುತ್ತ ಬೇರೆಯದೇ ಶುರುವಾಯಿತು. ಲೋಕಪ್ಪನ ಬೈಕು ತಿರುವಿನಲ್ಲಿ ಸದ್ದು ಮಾಡಿದರೆ ಸಾಕು, ಇಲ್ಲಿ ಕೊಟ್ಟಿಗೆಯಲ್ಲಿ ಬೆಳ್ಳಿಯ ಮೈ ನಡುಗುತ್ತಿತ್ತು. ಹಗ್ಗ ಜಗ್ಗುತ್ತಿತ್ತು. ಸೂಜಿ ಇಲ್ಲದೆ ಒಂದು ತೊಟ್ಟೂ ಇಳಿಯದು ಅನ್ನುವ ಸ್ಥಿತಿ. ಮಹೇಶ್ವರಪ್ಪನಿಗೂ ಬೇಸರ ಹತ್ತಿತು.

"ಇದನ್ನ ಕಟ್ಟಿಕೊಂಡು ಸಾಕಾಯ್ತು ಮಾರಾಯ್ತಿ. ಶಿಕಾರಿಪುರದ ದಲ್ಲಾಳಿ ಕೆಂಪಪ್ಪಗೆ ಹೇಳಿದೀನಿ. ಈ ತಿಂಗಳ ಕೊನೆಗೆ ಬಂದು ಹೊಡ್ಕೊಂಡು ಹೋಗ್ತಾನೆ."

ಶಕುಂತಲಮ್ಮ ಕೊಟ್ಟಿಗೆಗೆ ಹೋಗಿ ಬೆಳ್ಳಿಯ ಪಕ್ಕ ನಿಂತಳು. ಮನೆಯಲ್ಲಿ ಎಲ್ಲರೂ ತಿಮ್ಮಮ್ಮ ಇಲ್ಲದ ದಿನಕ್ಕೆ ಒಗ್ಗಿಕೊಂಡಿದ್ದರು. ಇನ್ನೂ ಅವರ ದಾರಿ ಕಾಯುತ್ತಿದ್ದವರು ಇಬ್ಬರೇ, ಒಂದು ಎಮ್ಮೆ, ಇನ್ನೊಂದು ತಾನು. ಅದೂ ಹೋದರೆ ಅತ್ತೆಯನ್ನು ನೆನೆಸಿಕೊಂಡು ಯಾರ ಮುಂದೆ ಕೂರೋದು?

ಆ ವಾರವೇ ನೂರುನ್ನೀಸಾ ಬಂದಳು. ಅವಳು ಪಂಚಾಯ್ತಿಯ ಪಶು ಸಖಿ. ದನಕರುಗಳಿಗೆ ಜಂತಿನ ಮಾತ್ರೆ ಕೊಡೋದು, ಕಾಲುಬಾಯಿ ಲಸಿಕೆಯ ದಿನ ತಿಳಿಸೋದು ಅವಳ ಕೆಲಸ. ಲಸಿಕೆಯ ವಿಷಯ ಹೇಳುತ್ತಿದ್ದಾಗಲೇ ತಿರುವಿನಲ್ಲಿ ಬೈಕಿನ ಸದ್ದಾಯಿತು. ಬೆಳ್ಳಿ ನಡುಗಿತು. ನೂರುನ್ನೀಸಾ ಮಾತು ನಿಲ್ಲಿಸಿದಳು.

"ಅಕ್ಕಾ, ಇದಕ್ಕೆ ಹಾಲಿಳಿಸೋ ಸೂಜಿ ಹಾಕಿಸ್ತಿದೀರಾ?"

"ಹಾಕಿಸ್ದೆ ಇನ್ನೇನ್ ಮಾಡೋದು?" ಮಹೇಶ್ವರಪ್ಪನೇ ಉತ್ತರಿಸಿದ. "ಹಾಲು ಬೇಡ್ವಾ?"

"ಅಣ್ಣಾ, ಅದು ಆಕ್ಸಿಟೋಸಿನ್ ಅಂತ. ಡಾಕ್ಟ್ರು ಹೆರಿಗೆ ಕಷ್ಟ ಆದಾಗ ನೋಡಿಕೊಂಡು ಕೊಡೋ ಔಷಧಿ. ಹಾಲಿಗೋಸ್ಕರ ದಿನಾ ಚುಚ್ಚಿದ್ರೆ ಎಮ್ಮೆಗೆ ನೋವು, ಗರ್ಭಕೋಶಕ್ಕೂ ತೊಂದ್ರೆ. ಕಾನೂನಲ್ಲೂ ತಪ್ಪು. ಮತ್ತೆ ಈ ಎಮ್ಮೆ ಹಟ ಮಾಡ್ತಿಲ್ಲ. ಅದು ಕಲಿತಿದ್ದನ್ನ ಮಾಡ್ತಿದೆ ಅಷ್ಟೆ."

"ಕಲಿಯೋದಾ? ಎಮ್ಮೆ? ನಮ್ಮನೆ ಮಕ್ಳಿಗೇ ಹೇಳಿದ್ದು ಹತ್ತಲಿಲ್ಲ."

ನೂರುನ್ನೀಸಾ ನಕ್ಕಳು. "ನಿಮ್ಮನೆಯಲ್ಲಿ ಮಿಡಿ ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೆದ ಸದ್ದು ಕೇಳಿದ್ರೆ ನಿಮ್ಮ ಬಾಯಲ್ಲಿ ಏನಾಗ್ತದೆ ಅಣ್ಣಾ?"

"ನೀರು ಬರ್ತದೆ. ಯಾರಿಗ್ ಬರಲ್ಲ?"

"ಉಪ್ಪಿನಕಾಯಿ ಇನ್ನೂ ನಾಲಿಗೆ ಮೇಲೆ ಬಿದ್ದಿಲ್ಲ. ಬರೀ ಸದ್ದು. ಸದ್ದಿನ ಹಿಂದೇನೇ ರುಚಿ ಬಂದು ಬಂದು, ಸದ್ದಿಗೇ ನೀರೂರೋ ಹಾಗಾಯ್ತು. ಬೆಳ್ಳಿಗೂ ಹಾಗೇ. ತಿಮ್ಮಮ್ಮಜ್ಜಿ ಕರೆಯೋದನ್ನ ನಾನೂ ನೋಡಿದೀನಿ. ಅಜ್ಜಿ ಬರೋ ಸದ್ದು, ಅವರ ವಾಸನೆ, ಅದರ ಹಿಂದೇ ಬಿಸಿನೀರು, ಮೃದು ಕೈ. ಅದಕ್ಕೆ ಹಾಲು ಇಳೀತಿತ್ತು. ಈಗ ಬೈಕಿನ ಸದ್ದು, ಅದರ ಹಿಂದೇ ಸೂಜಿ. ಅದಕ್ಕೆ ನಡುಕ. ಹೆದರಿದ ಎಮ್ಮೆ ಹಾಲು ಬಿಡಲ್ಲ."

"ಒದೆಯೋದು? ಅದನ್ನೂ ಯಾರಾದ್ರೂ ಕಲಿಸಿದ್ರಾ?"

"ಒದ್ದಾಗ ನೀವೇನ್ ಮಾಡ್ತೀರಿ?"

"ಒಂದಿಷ್ಟು ಹಿಂಡಿ ಹಾಕಿ ಸಮಾಧಾನ ಮಾಡ್ತೀನಿ."

"ಅಂದ್ರೆ ಒದೆಯೋದಕ್ಕೆ ನೀವೇ ಕೂಲಿ ಕೊಟ್ಟಿದೀರಿ ಅಣ್ಣಾ. ಯಾವುದಕ್ಕೆ ಲಾಭ ಸಿಗ್ತದೋ ಅದನ್ನೇ ಪ್ರಾಣಿ ಮತ್ತೆ ಮಾಡ್ತದೆ. ನಾವೂ ಹಾಗೇ ಅಲ್ವಾ?"

ಮಹೇಶ್ವರಪ್ಪ ಮೀಸೆ ತಿರುವಿಕೊಂಡು ಕೆಮ್ಮಿದ. ನೂರುನ್ನೀಸಾ ಶಕುಂತಲಮ್ಮನ ಕಡೆ ತಿರುಗಿ, ತಿಮ್ಮಮ್ಮ ಹಾಲು ಕರೆಯುವ ಮುಂಚೆ ಏನೇನು ಮಾಡುತ್ತಿದ್ದರು, ಒಂದೊಂದಾಗಿ ನೆನಪು ಮಾಡಿಕೊಳ್ಳಿ ಅಂದಳು.

ಶಕುಂತಲಮ್ಮ ಕಣ್ಣು ಮುಚ್ಚಿದಳು. ಅಯ್ಯೋ, ನೆನಪು ಮಾಡಿಕೊಳ್ಳೋದೇನು, ಎಲ್ಲ ಕಣ್ಣ ಮುಂದೇ ಇತ್ತು. ಹವಾಯಿ ಚಪ್ಪಲಿ ಎಳೆದುಕೊಂಡು ಬರುವ ಸದ್ದು. ಹಂಡೆಯಿಂದ ಮೊಗೆದ ಬಿಸಿನೀರು. ಮುಂದೆ ಅಕ್ಕಿ ತೊಳೆದ ಅಕ್ಕಚ್ಚಿನ ಬಾನಿ ಇಟ್ಟು, ಕೆಚ್ಚಲು ತೊಳೆದು, ಸೆರಗಲ್ಲೇ ಒರೆಸೋದು. ಆಮೇಲೆ ಮಾತು. ಊರ ಸುದ್ದಿಯೆಲ್ಲ ಎಮ್ಮೆಯ ಕಿವಿಗೆ. ಯಾರ ಮನೆ ನೆಂಟಸ್ತಿಕೆ ಮುರಿಯಿತು, ಯಾರ ಸೊಸೆ ತವರಿಗೆ ಹೋದಳು.

"ನನ್ನ ಮೇಲಿನ ದೂರು ಹೇಳದೆ ಒಂದು ದಿನವೂ ಕರೆದವರಲ್ಲ" ಅಂದಳು ಶಕುಂತಲಮ್ಮ. "'ಇವತ್ತೂ ಸಾರಿಗೆ ಉಪ್ಪು ಜಾಸ್ತಿ ಕಣೇ ಬೆಳ್ಳಿ.' ನಾನು ಗೋಡೆ ಆಚೆ ನಿಂತು ಕೇಳಿ ಉರಿದುಕೊಳ್ತಿದ್ದೆ. ಈಗ ಆ ದೂರು ಒಂದ್ಸಲ ಕೇಳಿಸಲಿ ಅಂತ ಜೀವ ಬಾಯಿ ಬಿಡ್ತದೆ ನೂರಮ್ಮ."

ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಮಹೇಶ್ವರಪ್ಪ ಕಂಬದ ಕಡೆ ಮುಖ ಮಾಡಿ ನಿಂತ.

"ಅಜ್ಜಿಯ ಸದ್ದು ಇನ್ನು ಬರಲ್ಲ ಅಕ್ಕಾ" ಅಂದಳು ನೂರುನ್ನೀಸಾ ಮೆಲ್ಲಗೆ. "ನೀವು ಅವರ ಥರ ಮಾಡಿದ್ರೆ ಬೆಳ್ಳಿಗೆ ಗೊತ್ತಾಗ್ತದೆ. ನಿಮ್ಮದೇ ಒಂದು ಸದ್ದು ಕಲಿಸಿ. ದಿನಾ ನೀವೇ, ಅದೇ ಹೊತ್ತಿಗೆ. ಮೊದಲು ಅಕ್ಕಚ್ಚು, ಬಿಸಿನೀರು. ಜೊತೆಗೆ ನಿಮ್ಮ ಒಂದೇ ಥರದ ಮಾತು. ಒದ್ರೆ ಹೊಡೀಬೇಡಿ, ತಿನ್ನೋಕೂ ಕೊಡಬೇಡಿ, ಸುಮ್ನೆ ಹಿಂದೆ ಸರೀರಿ. ತಣ್ಣಗೆ ನಿಂತಾಗ ಮಾತ್ರ ಹಿಂಡಿ. ಮೊದಲು ಪಶು ಡಾಕ್ಟರನ್ನ ಕರೆಸಿ ಕೆಚ್ಚಲು ಬಾವು ಇದೆಯಾ ನೋಡಿಸೋಣ. ಸೂಜಿ ಬಿಟ್ಟ ಮೇಲೆ ಶುರುವಿಗೆ ಹಾಲು ಕಮ್ಮಿ ಬರ್ತದೆ. ತಾಳ್ಮೆ ಬೇಕು."

"ಕೆಂಪಪ್ಪ ಬರೋವರೆಗೆ ಆಟ ಆಡಿ" ಅಂದ ಮಹೇಶ್ವರಪ್ಪ. ಆದರೆ ಹೊರಗೆ ಕಾಯುತ್ತಿದ್ದ ಲೋಕಪ್ಪನಿಗೆ ಬಾಗಿಲಲ್ಲೇ ಬೇಡ ಅಂದವನೂ ಅವನೇ.

ಡಾಕ್ಟರು ಬಂದು ನೋಡಿ ಬಾವು ಇಲ್ಲ ಅಂದರು. ಸಂಜೆ ಶಕುಂತಲಮ್ಮ ಬಿಸಿನೀರು ಹಿಡಿದು ಕೂತಳು. ಮಾತು ಬೇಕಲ್ಲ! ಅವಳು ಮೊದಲೇ ಮಾತು ಕಮ್ಮಿ. ಎಮ್ಮೆಯ ಹತ್ತಿರ ಏನು ಮಾತಾಡೋದು? ನಾಚಿಕೆ ಬೇರೆ. ಕೆಚ್ಚಲು ತೊಳೆಯುತ್ತ ಕೂತವಳ ಬಾಯಿಗೆ ಎಲ್ಲಿಂದಲೋ ಮಗ್ಗಿ ಬಂತು.

"ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು..."

ಚಂದ್ರಗುತ್ತಿಯ ಶಾಲೆಯಲ್ಲಿ ಕೂಗಿ ಕಲಿತದ್ದು. ಸಂಜೆ ಮನೆಗೆ ಬಿಡುವ ಮುಂಚೆ ಎಲ್ಲರೂ ಕೈಕಟ್ಟಿ ನಿಂತು ಒಟ್ಟಿಗೆ ಹೇಳಬೇಕು. ಗುಡ್ಡದ ಕಡೆಯಿಂದ ಗಾಳಿ ಬೀಸೋದು, ಸ್ಲೇಟು ಒರೆಸಿದ ಒದ್ದೆ ಬಟ್ಟೆಯ ವಾಸನೆ, ಪಕ್ಕದಲ್ಲಿ ನಿಂತ ಗೆಳತಿಯರ ದನಿ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ಮೇಲೆ ಆ ಮಗ್ಗಿ ಅವಳ ಬಾಯಿಗೆ ಬಂದಿರಲಿಲ್ಲ. ಎಂಥ ಚೆಂದದ ದಿನಗಳು ಅವು, ಅನ್ನಿಸಿತು ಅವಳಿಗೆ.

ಆ ಸಂಜೆ ಬೆಳ್ಳಿ ಒದೆಯಿತು. ಮಹೇಶ್ವರಪ್ಪನ ಕೈ ಹಿಂಡಿಯ ಚೀಲಕ್ಕೆ ಹೋಯಿತು.

"ರೀ, ಒದ್ದಾಗ ಬೇಡ!" ಅಂತ ಕೂಗಿದಳು ಶಕುಂತಲಮ್ಮ. ಮದುವೆಯಾದಾಗಿನಿಂದ ಅವಳು ಗಂಡನಿಗೆ ಅಷ್ಟು ಜೋರಾಗಿ ಹೇಳಿದ್ದೇ ಇಲ್ಲ. ಅವನು ಕೈ ಹಿಂದಕ್ಕೆ ತೆಗೆದ.

ದಿನಗಳು ಕಳೆದವು. ಹಾಲು ಬಂದರೆ ಒಂದು ಲೋಟ, ಇಲ್ಲದಿದ್ದರೆ ಅದೂ ಇಲ್ಲ. ಓಣಿಯ ಹೆಂಗಸರು, "ಏನೇ ಶಕುಂತ್ಲಾ, ನಿಮ್ಮ ಎಮ್ಮೆ ಈ ಸಲ ಎಸ್ಸೆಸ್ಸೆಲ್ಸಿಗೆ ಕಟ್ಟಿದೆಯಂತೆ?" ಅಂತ ಛೇಡಿಸಿದರು. ಅವಳು ನಕ್ಕು ಮಗ್ಗಿ ಮುಂದುವರಿಸಿದಳು. ಒದೆಯೋದು ಕಮ್ಮಿಯಾಯಿತು. ಆಮೇಲೆ ನಿಂತೇ ಹೋಯಿತು. ಹಾಲು ಮಾತ್ರ ಪೂರ್ತಿ ಇಳಿಯಲಿಲ್ಲ.

ಹೇಳಿದ ಹಾಗೆ ಕೆಂಪಪ್ಪ ಬಂದ. ಹಗ್ಗ ತಂದಿದ್ದ. ಶಕುಂತಲಮ್ಮ, "ಇದೊಂದು ಹೊತ್ತು ಕರೀತೀನಿ" ಅಂತ ಕೊಟ್ಟಿಗೆಗೆ ಹೋದಳು. ಕೆಚ್ಚಲು ತೊಳೆದಳು. ಮಗ್ಗಿ ಶುರು ಮಾಡಿದಳು. ಏಳರ ಮಗ್ಗಿಗೆ ಬಂದಾಗ ಬೆಳ್ಳಿ ಉಸಿರು ಬಿಟ್ಟಿತು. ಕಣ್ಣು ಅರೆ ಮುಚ್ಚಿತು. ಶಕುಂತಲಮ್ಮನ ಬೆರಳ ಸಂದಿಯಲ್ಲಿ ಮೊಲೆ ಬೆಚ್ಚಗೆ ತುಂಬಿಕೊಂಡಿತು. ಹಾಲು ತಂಬಿಗೆಗೆ ಸುರಿಯತೊಡಗಿತು. ಎಲ್ಲಿ ಹಾಲು ನಿಂತೀತೋ ಅಂತ ಹೆದರಿ ಅವಳು ಮಗ್ಗಿ ನಿಲ್ಲಿಸಲೇ ಇಲ್ಲ. ತಪ್ಪು ತಪ್ಪಾಗಿ ಹೇಳಿದಳು, ಅಳುತ್ತ ಹೇಳಿದಳು.

ಬಾಗಿಲಲ್ಲಿ ಮಹೇಶ್ವರಪ್ಪ ನಿಂತಿದ್ದ. ತಂಬಿಗೆ ನೋಡಿದ, ಹೆಂಡತಿಯ ಮುಖ ನೋಡಿದ. ಹೊರಗೆ ಹೋಗಿ, "ಕೆಂಪಪ್ಪಣ್ಣ, ತಪ್ಪು ತಿಳ್ಕೋಬೇಡ. ಎಮ್ಮೆ ಕೊಡಲ್ಲ. ಕಾಫಿ ಕುಡ್ಕೊಂಡು ಹೋಗು" ಅಂದ.

ವಿಷಯ ತಿಳಿದು ನೂರುನ್ನೀಸಾ ಬಂದಾಗ ಶಕುಂತಲಮ್ಮ ಸಂತೋಷವಾಗಿಯೇ ಇದ್ದಳು. ಆದರೂ ಒಂದು ಮಾತು ಕೇಳಿದಳು. "ಹಾಗಾದ್ರೆ ಬೆಳ್ಳಿ ಅತ್ತೇನ ಮರೆತುಬಿಡ್ತಾ?"

"ಇಲ್ಲ ಅಕ್ಕಾ. ಕಲಿತದ್ದು ಅಷ್ಟು ಸುಲಭಕ್ಕೆ ಅಳಿಸಿಹೋಗಲ್ಲ. ಅದರ ಜೊತೆಗೆ ನಿಮ್ಮನ್ನೂ ಕಲಿತಿದೆ."

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಹಾಲಿನ ಆಸೆಗೆ ಸೂಜಿ ಹಾಕಿಸಬೇಡಿ. ಎಮ್ಮೆ ಹಾಲು ಬಿಡದಿದ್ದರೆ ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಹೊಡೆಯಬೇಡಿ, ಒದ್ದಾಗ ತಿನ್ನಿಸಬೇಡಿ, ತಣ್ಣಗೆ ನಿಂತಾಗ ತಿನ್ನಿಸಿ. ಹೊತ್ತು, ಕೈ, ಮಾತು ದಿನಾ ಒಂದೇ ಇರಲಿ. ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರೇ ಹಾಲು ಕರೆಯುತ್ತಿದ್ದರೆ ಇವತ್ತು ಸಂಜೆಯೇ ಹೋಗಿ ಅವರ ಪಕ್ಕದಲ್ಲಿ ಕೂತುಕೊಳ್ಳಿ. ನಿಮ್ಮ ಮೇಲೆ ದೂರು ಹೇಳಿದರೆ ಹೇಳಲಿ, ಕೇಳಿಸಿಕೊಳ್ಳಿ. ಅವರು ಇರುವಾಗಲೇ ಎಮ್ಮೆ ನಿಮ್ಮ ಕೈಯನ್ನೂ ಕಲಿಯಲಿ. ಶಕುಂತಲಮ್ಮನಿಗೆ ಆ ಅವಕಾಶ ಸಿಗಲಿಲ್ಲ, ನಿಮಗಿದೆ.